ಹಳೇ ಕಾರಿಗೆ ಮನೆಯಲ್ಲೇ ಡೋರ್ ಪ್ಯಾನೆಲ್: ಬಣ್ಣ ಆಮೇಲೆ, ಹಲಗೆ ಮೊದಲು

ಹಳೇ ಕಾರಿನ ಬಾಗಿಲ ಒಳಮುಖ ಮುಚ್ಚುವ ಪ್ಯಾನೆಲ್ ಹೊಸದಾಗಿ ಮಾಡಬೇಕು ಅಂದ ಕೂಡಲೇ ಎಲ್ಲರೂ ಮೊದಲು ಹುಡುಕುವುದು ರೆಕ್ಸಿನ್ ಬಣ್ಣ. ಕೆಂಪು ಇರಲಾ, ಬಿಸ್ಕತ್ ಬಣ್ಣ ಇರಲಾ, ದಾರ ಬಿಳಿ ಹಾಕಿದರೆ ಎದ್ದು ಕಾಣುತ್ತಾ ಅಂತ ವಾರಗಟ್ಟಲೆ ಯೋಚನೆ. ಹಿಂದೆ ಹಾಕುವ ಹಲಗೆ ಮಾತ್ರ ಕೈಗೆ ಸಿಕ್ಕಿದ್ದು, ಅಂಟು ಅಂಗಡಿಯವನು ಕೊಟ್ಟಿದ್ದು. ಆದರೆ ಎರಡು ಬೇಸಿಗೆ, ಎರಡು ಮಳೆಗಾಲ ಕಳೆದ ಮೇಲೆ ಪ್ಯಾನೆಲ್ ನೆಟ್ಟಗಿರುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನ ಮಾಡುವುದು ಆ ಹಲಗೆ ಮತ್ತು ಆ ಅಂಟು. ಅದಕ್ಕೇ ಇಲ್ಲಿ ಹಿಂದಿನಿಂದ ಮುಂದಕ್ಕೆ ಬರೋಣ. ಮೊದಲು ನೀರು, ಆಮೇಲೆ ಹಲಗೆ, ಫೋಮ್, ಹೊದಿಕೆ, ಅಂಟು. ಬಣ್ಣ ನಿಮ್ಮಿಷ್ಟ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಬಾಗಿಲಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಇಲ್ಲಿ ಹೇಳುತ್ತಿರುವುದು ಚಪ್ಪಟೆ ಪ್ಯಾನೆಲ್ ಇರುವ ಹಳೇ ಕಾರುಗಳ ಮಾತು.

ಮಾಡಲೇಬೇಕಾ?

ದಾರಿ ಮೂರಿವೆ. ಇರುವ ಹಲಗೆಗೇ ಹೊಸ ಹೊದಿಕೆ ಹಾಕುವುದು, ಹೊಸ ಹಲಗೆ ಕತ್ತರಿಸಿ ಪೂರ್ತಿ ನೀವೇ ಮಾಡುವುದು, ಇಲ್ಲವೇ ನಿಮ್ಮ ಮಾಡೆಲ್‌ಗೆ ತಯಾರಾಗಿ ಸಿಗುವ ಪ್ಯಾನೆಲ್ ಕೊಳ್ಳುವುದು. ಬೀಟಲ್, ಮಿನಿ, ಎಂಜಿಬಿ, ಮಸ್ಟ್ಯಾಂಗ್ ಥರದ ಜನಪ್ರಿಯ ಕಾರುಗಳಿಗೆ ರೆಡಿ ಪ್ಯಾನೆಲ್ ಸಿಗುತ್ತವೆ. ಅಪರೂಪದ ಕಾರು ನಿಮ್ಮದಾದರೆ ಆ ದಾರಿ ಇಲ್ಲವೇ ಇಲ್ಲ.

ಕಾರನ್ನು ಫ್ಯಾಕ್ಟರಿಯಿಂದ ಬಂದ ಹಾಗೆಯೇ ಇಡಬೇಕು ಅನ್ನುವವರು ಮೊದಲು ಹಳೇ ಪ್ಯಾನೆಲ್ ಮೇಲಿನ ಗೆರೆಗಳನ್ನು ಹತ್ತಿರದಿಂದ ನೋಡಿ. ಅಲ್ಲಿ ನಿಜವಾದ ದಾರ ಇದೆಯಾ, ಇಲ್ಲ ರೆಕ್ಸಿನ್ ಮೇಲೆ ಒತ್ತಿದ ಗುರುತು ಮಾತ್ರ ಇದೆಯಾ? ಎಷ್ಟೋ ಕಾರುಗಳಲ್ಲಿ ಆ ಗೆರೆಗಳು ಹೊಲಿದದ್ದಲ್ಲ. ಅಚ್ಚಿನ ಕೆಳಗಿಟ್ಟು ರೇಡಿಯೋ ಅಲೆಗಳಿಂದ (ರೇಡಿಯೋ ಫ್ರೀಕ್ವೆನ್ಸಿ) ಶಾಖ ಕೊಟ್ಟು ರೆಕ್ಸಿನ್ನನ್ನೂ ಕೆಳಗಿನ ಪದರವನ್ನೂ ಬೆಸೆದದ್ದು. ಮನೆಯಲ್ಲಿ ಅದು ಆಗದ ಕೆಲಸ. ಇಸ್ತ್ರಿ ಪೆಟ್ಟಿಗೆ ಇಟ್ಟು ನೋಡೋಣ ಅಂದುಕೊಂಡರೆ ರೆಕ್ಸಿನ್ ಸುಟ್ಟು ಹೊಳೆಯುತ್ತದೆ, ಅಷ್ಟೇ. ಅಂಥ ಗೆರೆಯೇ ಬೇಕಾದವರು ರೆಡಿ ಪ್ಯಾನೆಲ್ ಕೊಳ್ಳುವುದೇ ಸರಿ. ಅದರ ಜಾಗದಲ್ಲಿ ಹೊಲಿಗೆ ಹಾಕಿದರೂ ಪರವಾಗಿಲ್ಲ ಅನ್ನುವವರು ಮುಂದೆ ಓದಿ.

ಹಳೇ ಹಲಗೆ ಉಳಿಯುತ್ತದಾ ಅಂತ ನೋಡುವುದು ಸುಲಭ. ಕೆಳಗಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ. ಗಟ್ಟಿಯಾಗಿದ್ದರೆ, ಪ್ಯಾನೆಲ್ಲನ್ನು ಬಾಗಿಲಿಗೆ ಹಿಡಿಯುವ ಕ್ಲಿಪ್ ಕೂರುವ ತೂತುಗಳ ಅಂಚು ಹರಿಯದೇ ಇದ್ದರೆ, ಅದಕ್ಕೇ ಹೊಸ ಹೊದಿಕೆ ಹಾಕಿ. ಅಳತೆಯ ತಲೆನೋವೇ ಇಲ್ಲ. ಅಂಚು ಮೆತ್ತಗಾಗಿ ಪದರ ಬಿಡುತ್ತಿದ್ದರೆ ಅದಕ್ಕೆ ರಿಪೇರಿ ಅಂತ ಕೈ ಹಾಕಬೇಡಿ, ಹೊಸದೇ ಬೇಕು. ಹಾಗಂತ ಎಸೆಯಲೂ ಬೇಡಿ. ಮುರಿದ ಹಲಗೆಯೂ ಅಳತೆಗೆ ಬೇಕೇ ಬೇಕು.

ನೀರಿನ ವಿಚಾರ

ಬಾಗಿಲ ಗಾಜಿನ ಬುಡದಲ್ಲಿರುವ ರಬ್ಬರ್ ಪಟ್ಟಿ ನೀರನ್ನು ಪೂರ್ತಿ ತಡೆಯುವುದಿಲ್ಲ. ಹೊಸದಿದ್ದಾಗಲೂ ಸ್ವಲ್ಪ ನೀರು ಗಾಜಿನ ಮೈಮೇಲೆ ಜಾರಿ ಬಾಗಿಲೊಳಗೆ ಇಳಿಯುತ್ತದೆ. ಕಾರು ಮಾಡಿದವರಿಗೂ ಇದು ಗೊತ್ತಿತ್ತು, ಅದಕ್ಕೇ ಬಾಗಿಲ ತಳದಲ್ಲಿ ನೀರು ಹೋಗಲು ತೂತು ಬಿಟ್ಟಿರುತ್ತಾರೆ. ಆ ತೂತು ಮಣ್ಣು, ಎಲೆ ಸೇರಿ ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ, ಬಾಗಿಲ ತಳ ತುಕ್ಕು ಹಿಡಿಯುತ್ತದೆ, ಜೊತೆಗೆ ಪ್ಯಾನೆಲ್ ಬೆನ್ನು ದಿನವಿಡೀ ತೇವದಲ್ಲೇ ಇರುತ್ತದೆ. ಒಂದು ತಂತಿ ತಗೊಂಡು ಮೊದಲು ಅದನ್ನು ಬಿಡಿಸಿ.

ಆಮೇಲೆ ಪಾಲಿಥೀನ್ ಹಾಳೆ. ಬಾಗಿಲ ಒಳತಗಡಿನಲ್ಲಿ ಕೈ ಹೋಗುವಷ್ಟು ದೊಡ್ಡ ಕಿಂಡಿಗಳಿರುತ್ತವೆ, ಅವುಗಳಿಂದ ಹನಿಯೂ ತೇವವೂ ನೇರವಾಗಿ ಹಲಗೆಯ ಬೆನ್ನಿಗೆ ತಾಗುತ್ತವೆ. ಮಧ್ಯೆ ಹಾಳೆ ಇರಬೇಕು. ಹಿಂದಿನ ಮಾಲೀಕರು ಬಾಗಿಲು ಬಿಚ್ಚಿದಾಗ ಹರಿದು ಎಸೆದಿರುತ್ತಾರೆ, ಹೆಚ್ಚಿನ ಹಳೇ ಕಾರುಗಳ ಕತೆ ಇದೇ. 150 ಮೈಕ್ರಾನ್ ದಪ್ಪದ ಪಾಲಿಥೀನ್ ಸಾಕು, ಸುತ್ತ ಬ್ಯುಟೈಲ್ ಟೇಪ್ (ಮೆತ್ತಗೇ ಉಳಿಯುವ ಅಂಟು ರಬ್ಬರ್ ಪಟ್ಟಿ) ಹಾಕಿದರೆ ಮುಂದೆ ಬಿಚ್ಚಲೂ ಬರುತ್ತದೆ. ಮುಖ್ಯವಾದ್ದು ಹಾಳೆಯ ಕೆಳಗಿನ ಅಂಚು. ಅದನ್ನು ತಗಡಿನ ಮೇಲೆ ಸುಮ್ನೆ ಅಂಟಿಸಿದರೆ ಇಳಿದ ನೀರೆಲ್ಲ ಪ್ಯಾನೆಲ್ ತಳಕ್ಕೇ ಬಂದು ಸೇರುತ್ತದೆ. ತಗಡಿನ ಕೆಳಗಿನ ಕಿಂಡಿಯೊಳಗೆ ಆ ಅಂಚನ್ನು ತುರುಕಬೇಕು, ಆಗ ಹನಿ ಹಾಳೆಯ ಮೇಲೆ ಜಾರಿ ವಾಪಸ್ ಬಾಗಿಲೊಳಗೇ ಬಿದ್ದು ತೂತಿನಿಂದ ಹೊರಗೆ ಹೋಗುತ್ತದೆ.

ಈ ಕೆಲಸ ಸರಿಯಾಗಿ ಮಾಡಿದರೆ ಹಲಗೆಯ ಆಯ್ಕೆ ಅರ್ಧ ಸುಲಭವಾಯಿತು. ಮಾಡದಿದ್ದರೆ ಎಂಥ ಹಲಗೆ ಹಾಕಿದರೂ ತಾಪತ್ರಯವೇ.

ಹಲಗೆ: ನಿಜವಾದ ಆಯ್ಕೆ ಇಲ್ಲಿದೆ

ಹಳೇ ಕಾರುಗಳಲ್ಲಿ ಮೂಲದಲ್ಲಿ ಇರುತ್ತಿದ್ದುದು ಬಹುಪಾಲು ಹಾರ್ಡ್‌ಬೋರ್ಡ್ ಅಥವಾ ಅದರಂಥ ನಾರಿನ ಹಲಗೆ, ಸುಮಾರು 3 ಮಿ.ಮೀ. ದಪ್ಪ. ಇದರಲ್ಲಿ ಹೆಸರಾದ ಮೇಸೊನೈಟ್ ಅನ್ನು ಅಮೆರಿಕದ ವಿಲಿಯಂ ಮೇಸನ್ 1924ರ ಹೊತ್ತಿಗೆ ಕಂಡುಹಿಡಿದದ್ದು. ಮರದ ಚೂರನ್ನು ಹಬೆಯ ಒತ್ತಡದಲ್ಲಿ ಸಿಡಿಸಿ ನಾರು ಮಾಡಿ, ಬಿಸಿಯಲ್ಲಿ ಒತ್ತಿ ಹಾಳೆ ಮಾಡುತ್ತಾರೆ. ಅಂದರೆ ಅದು ಒತ್ತಿಟ್ಟ ಮರದ ನಾರು. ನೀರು ಕುಡಿದರೆ ಆ ನಾರು ಮತ್ತೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಹಳೇ ಪ್ಯಾನೆಲ್‌ಗಳ ತಳ ಅಲೆಅಲೆಯಾಗಿ ಕಾಣುವುದು ಇದಕ್ಕೇ.

ಹಾಗಂತ ಹಾರ್ಡ್‌ಬೋರ್ಡ್ ಕೆಟ್ಟದ್ದು ಅಂತಲ್ಲ. ಅಗ್ಗ, ಸಪಾಟು, ಚಾಕುವಿನಿಂದಲೂ ಕತ್ತರಿಸಬಹುದು, ಅಂಟು ಚೆನ್ನಾಗಿ ಹಿಡಿಯುತ್ತದೆ, ಮೂಲ ದಪ್ಪವೇ ಇರುವುದರಿಂದ ಕ್ಲಿಪ್ಪು, ಹಿಡಿ ಎಲ್ಲ ತಮ್ಮ ಜಾಗದಲ್ಲಿ ಕೂರುತ್ತವೆ. ಎಣ್ಣೆ ಹಾಕಿ ಗಟ್ಟಿ ಮಾಡಿದ ಟೆಂಪರ್ಡ್ ಹಾರ್ಡ್‌ಬೋರ್ಡ್ ಸಿಕ್ಕರೆ ಅದನ್ನೇ ತಗೊಳ್ಳಿ. ಕತ್ತರಿಸಿ, ತೂತು ಕೊರೆದ ಮೇಲೆ ಎರಡೂ ಮುಖಕ್ಕೆ, ಅಂಚಿಗೆ, ಪ್ರತಿ ತೂತಿನ ಒಳಗೋಡೆಗೆ ವಾರ್ನಿಷ್ ಹೊಡೆಯಬೇಕು. ಒಂದೇ ಮುಖಕ್ಕೆ ಹೊಡೆದರೆ ಇನ್ನೊಂದು ಮುಖ ಮಾತ್ರ ತೇವ ಎಳೆದುಕೊಂಡು ಹಲಗೆ ಹಪ್ಪಳದ ಹಾಗೆ ಬಾಗುತ್ತದೆ.

ಮುಂದಿನದು 3 ಮಿ.ಮೀ. ಪ್ಲೈವುಡ್. ನೀರಿಗೆ ಬಿಡದ ಫಿನಾಲಿಕ್ ಅಂಟಿನಲ್ಲಿ ಮಾಡಿದ್ದು ಮಾತ್ರ ನೋಡಿ, ಒಳಾಂಗಣದ ಮಾಮೂಲಿ ಪ್ಲೈ ಬೇಡ. ಇದರ ದೊಡ್ಡ ಲಾಭ ಅಂದರೆ ಹಗುರ ಮತ್ತು ಬಿಗಿ. ಲೆಕ್ಕ ಹಾಕಿದರೆ ಒಂದು ಚದರ ಮೀಟರ್ ಪ್ಲೈ ಸುಮಾರು 2 ಕೆ.ಜಿ., ಅಷ್ಟೇ ದಪ್ಪದ ಹಾರ್ಡ್‌ಬೋರ್ಡ್ ಮತ್ತು ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಎರಡೂ ಸುಮಾರು 3 ಕೆ.ಜಿ., 1.5 ಮಿ.ಮೀ. ಅಲ್ಯೂಮಿನಿಯಂ ತಗಡು 4 ಕೆ.ಜಿ. ಹೊದಿಕೆ ಹಿಡಿಯುವ ಸ್ಟೇಪಲ್ ಕಚ್ಚಿಕೊಳ್ಳುವುದೂ ಪ್ಲೈನಲ್ಲೇ ಚೆನ್ನ. ಮರದ ಎಳೆಯ ದಿಕ್ಕು ಮಾತ್ರ ಗಮನಿಸಬೇಕು. ಮೇಲ್ಪದರದ ಎಳೆ ಬಾಗಿಲ ಉದ್ದಕ್ಕೆ ಇದ್ದರೆ ಹಲಗೆ ಉದ್ದಕ್ಕೆ ಬಾಗುವುದಿಲ್ಲ. ಬಾಗಿಲು ಮೇಲಿಂದ ಕೆಳಕ್ಕೆ ಸ್ವಲ್ಪ ಉಬ್ಬಿದ್ದರೂ ಹಾಗೇ ಇಡಿ, ಆ ದಿಕ್ಕಿಗೆ ಅದು ಸಲೀಸಾಗಿ ಬಗ್ಗುತ್ತದೆ. ತೊಂದರೆ ಅಂದರೆ ಕತ್ತರಿಸುವಾಗ ಚಕ್ಕೆ ಏಳುತ್ತದೆ. ಗೆರೆಯ ಮೇಲೆ ಟೇಪ್ ಹಚ್ಚಿ, ಸಣ್ಣ ಹಲ್ಲಿನ ಬ್ಲೇಡಿನಲ್ಲಿ ಜಿಗ್‌ಸಾ ಓಡಿಸಿ. ವಾರ್ನಿಷ್ ಇದಕ್ಕೂ ಬೇಕು. ಪದರಗಳು ಬಿಡುವುದಿಲ್ಲ ನಿಜ, ಆದರೆ ಅಂಚು ನೀರು ಕುಡಿಯುತ್ತದೆ.

ಎಬಿಎಸ್ ಪ್ಲಾಸ್ಟಿಕ್ ಶೀಟ್ ಈಗ ತುಂಬಾ ಜನರ ಆಯ್ಕೆ. ನೀರಿನ ಭಯವೇ ಇಲ್ಲ, ಚಾಕುವಿನಿಂದ ಗೀರಿ ಮುರಿದರೆ ಗೆರೆ ನೇರವಾಗಿ ಬರುತ್ತದೆ. ಆದರೆ ಇದರ ಜಾಹೀರಾತಿನಲ್ಲಿ ಯಾರೂ ಹೇಳದ ಮಾತೊಂದಿದೆ. ಎಬಿಎಸ್ ಬಿಸಿಲಿಗೆ ಹಿಗ್ಗುತ್ತದೆ, ಅದೂ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಜಾಸ್ತಿ. ಒಂದು ಮೀಟರ್ ಉದ್ದದ ಪ್ಯಾನೆಲ್ ಬೆಳಗಿನ ತಂಪಿನಿಂದ ಮಧ್ಯಾಹ್ನದ ಹೊತ್ತಿಗೆ 40 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿ.ಮೀ. ಉದ್ದವಾಗುತ್ತದೆ. ತೂತುಗಳು ಸ್ಕ್ರೂಗೆ ಬಿಗಿಯಾಗಿದ್ದರೆ ಆ 3 ಮಿ.ಮೀ. ಎಲ್ಲಿಗೆ ಹೋಗಬೇಕು? ಎರಡು ಸ್ಕ್ರೂ ನಡುವೆ ಉಬ್ಬಿ ನಿಲ್ಲುತ್ತದೆ. ಅದಕ್ಕೇ ಮಧ್ಯದ ಒಂದೆರಡು ತೂತು ಮಾತ್ರ ಬಿಗಿ ಇಟ್ಟು ಉಳಿದವನ್ನು ಉದ್ದುದ್ದ ಮಾಡಬೇಕು. ಸ್ಟೇಪಲ್ ಇದರಲ್ಲಿ ನಿಲ್ಲುವುದಿಲ್ಲ, ಹೊದಿಕೆ ಪೂರ್ತಿ ಅಂಟಿನ ಮೇಲೇ ನಿಲ್ಲಬೇಕು. ಅಂಟಿಸುವ ಮೊದಲು 120 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಅಂಟಿನಲ್ಲಿರುವ ದ್ರಾವಕ ಎಬಿಎಸ್ ಅನ್ನು ಸ್ವಲ್ಪ ಕರಗಿಸುತ್ತದೆ, ಹಾಗಾಗಿ ತೆಳುವಾಗಿ ಹಚ್ಚಿದರೆ ಹಿಡಿತ ಗಟ್ಟಿ, ಧಾರಾಳವಾಗಿ ಸುರಿದರೆ ಹಾಳೆಯೇ ಬಿರುಕು ಬಿಡಬಹುದು. 2 ಮಿ.ಮೀ. ಹಾಳೆ ಕುಣಿಯುತ್ತದೆ, 3 ಮಿ.ಮೀ.ಗಿಂತ ತೆಳು ಬೇಡ.

ಅಲ್ಯೂಮಿನಿಯಂ ತಗಡು ರೇಸ್ ಕಾರಿನ ಲುಕ್ ಬೇಕಾದವರಿಗೆ. ಹೊದಿಕೆಯೇ ಇಲ್ಲದೆ, ಬರೀ ತಗಡು ಸ್ಕ್ರೂ ಹಾಕಿ ಬಿಟ್ಟರೆ ಅದಕ್ಕೊಂದು ಗತ್ತು ಇದೆ, ಒಪ್ಪುತ್ತೇನೆ. ಆದರೆ ಬಾಗಿಲು ಹಾಕಿದಾಗ ಡಬ್ಬದ ಸದ್ದು, ಬಿಸಿಲಲ್ಲಿ ಮೊಣಕೈ ಇಟ್ಟರೆ ಚುರ್ ಅನ್ನುತ್ತದೆ. ಅಂಚನ್ನು ಅರದಿಂದ ಉಜ್ಜದಿದ್ದರೆ ಬಟ್ಟೆಯನ್ನೂ ಕೈಯನ್ನೂ ಕುಯ್ಯುತ್ತದೆ. ತೇವ ಇರುವ ಕಡೆ ಕಬ್ಬಿಣದ ಸ್ಕ್ರೂ ಜೊತೆ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ, ಮಧ್ಯೆ ಪ್ಲಾಸ್ಟಿಕ್ ವಾಷರ್ ಇರಲಿ.

ಬೇಡವೇ ಬೇಡ ಅನ್ನುವ ಪಟ್ಟಿ ಬೇಗ ಮುಗಿಸುತ್ತೇನೆ. ಎಂಡಿಎಫ್ (ಮರದ ಸಣ್ಣ ನಾರನ್ನು ಅಂಟು ಸೇರಿಸಿ ಒತ್ತಿದ ಹಲಗೆ) ಬೇಡ, ಅಂಚು ಬಿಸ್ಕತ್ ಥರ ಉದುರುತ್ತದೆ, ಕ್ಲಿಪ್ ತೂತು ಒಂದೇ ಸಲಕ್ಕೆ ಕಿತ್ತು ಬರುತ್ತದೆ. ಅಕ್ರಿಲಿಕ್ ಬೇಡ, ಒಡೆದರೆ ಚೂಪು ಚೂರು. ಪಾಲಿಪ್ರೊಪಿಲೀನ್, ಎಚ್‌ಡಿಪಿಇ ಅನ್ನುವ ಪ್ಲಾಸ್ಟಿಕ್ ಹಾಳೆಗಳು ನೀರಿಗೆ ಒಳ್ಳೆಯವೇ, ಆದರೆ ಮಾಮೂಲಿ ಅಂಟು ಅವುಗಳ ಮೇಲೆ ಹಿಡಿಯುವುದೇ ಇಲ್ಲ, ಒಣಗಿದ ಮೇಲೆ ಸಿಪ್ಪೆ ಥರ ಎದ್ದು ಬರುತ್ತದೆ.

ನನ್ನನ್ನು ಕೇಳಿದರೆ, ಶೆಡ್‌ನಲ್ಲಿ ನಿಲ್ಲುವ ಕಾರಿಗೆ ವಾರ್ನಿಷ್ ಹೊಡೆದ ಪ್ಲೈ. ವರ್ಷವಿಡೀ ಮಳೆಯಲ್ಲಿ ಓಡುವ ಕಾರಿಗೆ ಅಥವಾ ಮೇಲ್ಛಾವಣಿ ತೆರೆದಿರುವ ಕಾರಿಗೆ ಎಬಿಎಸ್. ಪ್ರದರ್ಶನಕ್ಕೆ ಇಡುವ, ಮೂಲದ ಹಾಗೇ ಕಾಣಬೇಕಾದ ಕಾರಿಗೆ ಹಾರ್ಡ್‌ಬೋರ್ಡ್.

ದಪ್ಪ: ಎಲ್ಲರೂ ಕೊನೆಗೆ ನೋಡುವ ಅಳತೆ

ಹಲಗೆ 3 ಮಿ.ಮೀ., ಫೋಮ್ 6, ರೆಕ್ಸಿನ್ 1. ಒಟ್ಟು 10 ಮಿ.ಮೀ. ಆಯಿತು. ಮೂಲ ಪ್ಯಾನೆಲ್ 4 ಅಥವಾ 5 ಮಿ.ಮೀ. ಇದ್ದಿದ್ದರೆ ಈಗ ಗಾಜು ಏರಿಸುವ ಹಿಡಿ ತನ್ನ ಹಲ್ಲಿನ ದಂಡದ ಮೇಲೆ ಪೂರ್ತಿ ಕೂರುವುದಿಲ್ಲ. ತುದಿಯಲ್ಲಿ ನಾಲ್ಕು ಹಲ್ಲು ಮಾತ್ರ ಕಚ್ಚಿಕೊಂಡಿರುತ್ತದೆ, ಸ್ವಲ್ಪ ದಿನಕ್ಕೆ ಆ ಹಲ್ಲು ಸವೆದು ಹಿಡಿ ಸುಮ್ನೆ ತಿರುಗುತ್ತದೆ, ಗಾಜು ಏರುವುದಿಲ್ಲ. ಅದಕ್ಕೇ ದಂಡದ ಸುತ್ತ, ಹಿಡಿಯ ಬುಡದ ತಟ್ಟೆ ಕೂರುವಷ್ಟು ಅಗಲಕ್ಕೆ, ಫೋಮ್ ಕತ್ತರಿಸಿ ತೆಗೆಯಿರಿ. ಬಾಗಿಲ ಕೊಂಡಿಯ ಹಿಡಿಗೂ, ಕೈ ಇಡುವ ಆರ್ಮ್‌ರೆಸ್ಟ್ ಸ್ಕ್ರೂಗೂ ಇದೇ ಮಾತು. ಮೇಲಂಚು ತಗಡಿನ ತೋಡಿನೊಳಗೆ ಸಿಕ್ಕುವ ಕಾರುಗಳಲ್ಲಿ ಆ ಅಂಚಿಗೆ ಫೋಮ್ ಬರಲೇಬಾರದು.

ಹಿಡಿ ಬಿಚ್ಚುವ ಬಗೆ ಕಾರಿನಿಂದ ಕಾರಿಗೆ ಬೇರೆ. ಕೆಲವಕ್ಕೆ ಮಧ್ಯದಲ್ಲಿ ಸ್ಕ್ರೂ ಇರುತ್ತದೆ, ಕೆಲವಕ್ಕೆ ಅಡ್ಡ ಪಿನ್, ಇನ್ನು ಕೆಲವಕ್ಕೆ ಹಿಡಿಯ ಹಿಂದೆ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್. ಈ ಕೊನೆಯದಕ್ಕೆ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ಯಾನೆಲ್ ಗೀಚುತ್ತದೆ. ಒಂದು ಹಳೇ ಹತ್ತಿ ಬಟ್ಟೆಯನ್ನು ಹಿಡಿಗೂ ತಟ್ಟೆಗೂ ನಡುವೆ ತೂರಿಸಿ, ಎರಡೂ ತುದಿ ಹಿಡಿದು, ಬೂಟಿಗೆ ಪಾಲಿಶ್ ಮಾಡುವಾಗ ಎಳೆಯುವಂತೆ ಆಚೆ ಈಚೆ ಎಳೆಯಿರಿ. ಬಟ್ಟೆಯ ನೂಲು ಕ್ಲಿಪ್ಪಿನ ತುದಿಗೆ ಸಿಕ್ಕಿಕೊಂಡು ಅದು ಟಣ್ ಅಂತ ಹಾರುತ್ತದೆ. ಹಾರುತ್ತದೆ ಅಂದರೆ ನಿಜವಾಗಿಯೂ ಹಾರುತ್ತದೆ, ಇನ್ನೊಂದು ಬಟ್ಟೆ ಮುಚ್ಚಿಟ್ಟುಕೊಳ್ಳಿ, ಇಲ್ಲದಿದ್ದರೆ ಸೀಟಿನ ಕೆಳಗೆ ಮೊಣಕಾಲೂರಿ ಹುಡುಕಬೇಕು.

ಅಳತೆ ತೆಗೆಯುವಾಗ ಹಳೇ ಹಲಗೆಯನ್ನು ಕಣ್ಣು ಮುಚ್ಚಿ ನಂಬಬೇಡಿ, ಅದು ಉಬ್ಬಿರಬಹುದು. ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಾಗಿಲಿಗೇ ಟೇಪ್ ಹಾಕಿ ನಿಲ್ಲಿಸಿದರೆ ಹಿಂದಿನ ತೂತು, ದಂಡ ಎಲ್ಲ ಕಾಣುತ್ತವೆ, ಮಾರ್ಕರ್‌ನಲ್ಲಿ ಗುರುತು ಹಾಕಿ. ಅದರಿಂದ ರಟ್ಟಿನ ನಮೂನೆ ಮಾಡಿ ಒಮ್ಮೆ ಬಾಗಿಲಿಗೆ ಕೂರಿಸಿ ನೋಡಿ. ಎಡದ ಬಾಗಿಲ ನಮೂನೆಯನ್ನು ಮಗುಚಿ ಬಲಕ್ಕೆ ಇಟ್ಟು ನೋಡದೆ ಕತ್ತರಿಸಬೇಡಿ. ಹಳೇ ಕಾರುಗಳಲ್ಲಿ ಎರಡೂ ಬಾಗಿಲ ತೂತುಗಳು ಒಂದೇ ಕಡೆ ಇರುತ್ತವೆ ಅನ್ನುವ ಖಾತ್ರಿ ಇಲ್ಲ. ಹೊದಿಕೆ ಸುತ್ತಿ ಹಿಂದಕ್ಕೆ ಮಡಚುವುದರಿಂದ ಪ್ಯಾನೆಲ್ ಎಲ್ಲ ಕಡೆಯೂ ಸ್ವಲ್ಪ ದೊಡ್ಡದಾಗುತ್ತದೆ, ಹಿಂಜ್ ಕಡೆಯ ಅಂಚಿಗೆ ಆ ಜಾಗ ಬಿಟ್ಟೇ ಕತ್ತರಿಸಿ, ಇಲ್ಲದಿದ್ದರೆ ಬಾಗಿಲು ಹಾಕುವಾಗ ಒರೆಸಿಕೊಳ್ಳುತ್ತದೆ. ಸ್ಪೀಕರ್ ಹಾಕುವ ಆಸೆ ಇದ್ದರೆ ಗಾಜನ್ನು ಪೂರ್ತಿ ಇಳಿಸಿಕೊಂಡು ಆಳ ಅಳೆಯಿರಿ, ಇಳಿದ ಗಾಜು ಸ್ಪೀಕರ್ ಬೆನ್ನಿಗೆ ತಾಗಬಾರದು. 1959ರ ಮೊದಲ ಮಿನಿಯಲ್ಲಿ ಗಾಜು ಪಕ್ಕಕ್ಕೆ ಸರಿಯುತ್ತಿತ್ತು, ಬಾಗಿಲಲ್ಲಿ ಇಳಿಯುವ ಗಾಜೇ ಇಲ್ಲ, ಹಾಗಾಗಿ ಬಾಗಿಲಲ್ಲೇ ಸಾಮಾನಿಡುವ ದೊಡ್ಡ ಜೇಬು ಇಡಲು ಆಯಿತು. ಉಳಿದವರಿಗೆ ಆ ಭಾಗ್ಯ ಇಲ್ಲ.

ಫೋಮ್

ಇದರಲ್ಲಿ ಜಾಸ್ತಿ ಯೋಚನೆ ಬೇಡ. ಸ್ಪಂಜಿನ ಹಾಗೆ ತೂತು ತೂತಾದ ಪಾಲಿಯುರೆಥೇನ್ ಫೋಮ್ ಮೆತ್ತಗಿರುತ್ತದೆ, ಹೊಲಿದ ನೆರಿಗೆ ಚೆನ್ನಾಗಿ ಉಬ್ಬಿ ಕಾಣುತ್ತದೆ. ಆದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ವರ್ಷಗಳು ಕಳೆದಂತೆ ಬಿಸಿಗೆ ಪುಡಿಪುಡಿಯಾಗುತ್ತದೆ. ಹಳೇ ಪ್ಯಾನೆಲ್ ಬಿಚ್ಚಿದಾಗ ಉದುರುವ ಕಂದು ಪುಡಿ ಅದೇ. ಪಾಲಿಥೀನಿನ ಮುಚ್ಚಿದ ಕೋಶಗಳ ಫೋಮ್ ನೀರು ಕುಡಿಯುವುದಿಲ್ಲ, ಗಟ್ಟಿ, ಅಂಚು ಚೊಕ್ಕ, ಆದರೆ ಅಷ್ಟು ಮೆತ್ತಗಿಲ್ಲ. ಚಪ್ಪಟೆ ಪ್ಯಾನೆಲ್‌ಗೆ ಇದರ 3 ಮಿ.ಮೀ. ಹಾಳೆ ಸಾಕು. ಅಂಟು ಮೊದಲು ಒಂದು ಚೂರಿಗೆ ಹಚ್ಚಿ ನೋಡಿ, ಪಾಲಿಥೀನ್ ಆದ್ದರಿಂದ ಎಲ್ಲ ಅಂಟೂ ಅದಕ್ಕೆ ಹಿಡಿಯುವುದಿಲ್ಲ. ನೆರಿಗೆ ಹೊಲಿಯುವುದಾದರೆ ಮಾತ್ರ ಹಿಂದೆ ತೆಳು ಬಟ್ಟೆ ಇರುವ 6 ಮಿ.ಮೀ. ಸ್ಪಂಜು. ಬಟ್ಟೆ ಇಲ್ಲದಿದ್ದರೆ ದಾರ ಫೋಮನ್ನು ಕೊಯ್ದುಕೊಂಡು ಹೋಗುತ್ತದೆ.

ಹೊದಿಕೆ

ಮೊದಲ ಸಲ ಮಾಡುವವರು ರೆಕ್ಸಿನ್ನೇ ತಗೊಳ್ಳಿ. ಒರೆಸಬಹುದು, ಎಳೆದರೆ ಬರುತ್ತದೆ, ಹಾಳಾದರೆ ಇನ್ನೊಂದು ತುಂಡು. ಕಾರಿಗೆಂದೇ ಮಾಡಿದ, ಹಿಂಬದಿಯಲ್ಲಿ ಎರಡೂ ಕಡೆ ಹಿಗ್ಗುವ ಬಟ್ಟೆ ಇರುವ ಬಗೆ ನೋಡಿ. ಸೋಫಾ ರೆಕ್ಸಿನ್ ಅಗ್ಗ ಅಂತ ತಂದರೆ ಬಿಸಿಲಿಗೆ ಬಣ್ಣ ಹೋಗುತ್ತದೆ, ಗಟ್ಟಿಯಾಗುತ್ತದೆ. ಮೂಲೆಯಲ್ಲಿ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಸಲೀಸಾಗಿ ಬಾಗುತ್ತದೆ. ಆದರೆ ಬಿಸಿ ಮಾಡಿ ಜಗ್ಗಾಡಿ ಎಳೆದರೆ ಬೇಸಿಗೆಯಲ್ಲಿ ಅದು ವಾಪಸ್ ಕುಗ್ಗಲು ನೋಡುತ್ತದೆ, ಮೊದಲು ಬಿಡುವುದು ಅಂಚಿನ ಅಂಟು.

ಚರ್ಮದ ವಾಸನೆ, ಮುಟ್ಟಿದಾಗಿನ ಹಿತ ಬೇರೆಯೇ. 1 ರಿಂದ 1.2 ಮಿ.ಮೀ. ದಪ್ಪದ್ದು ಸಾಕು, ಅದಕ್ಕಿಂತ ದಪ್ಪ ಇದ್ದರೆ ಅಂಚಿನಲ್ಲಿ ಮಡಚುವುದಕ್ಕೆ ತೆಳುವಾಗಿ ಕೆತ್ತಬೇಕು. ತೊಂದರೆ ಏನೆಂದರೆ ಚರ್ಮ ಸುರುಳಿಯಲ್ಲಿ ಬರುವುದಿಲ್ಲ. ಒಂದೊಂದು ತೊಗಲಿಗೆ ಒಂದೊಂದು ಆಕಾರ, ಗಾಯದ ಗುರುತು, ಹೊಟ್ಟೆಯ ಕಡೆ ಸಡಿಲ. ಬಾಗಿಲಿನಷ್ಟು ಉದ್ದದ ಕಲೆಯಿಲ್ಲದ ತುಂಡು ತೆಗೆದರೆ ಉಳಿದದ್ದು ಚೂರುಪಾರು. ಸೀಟು ಚರ್ಮದ್ದು ಇದ್ದರೂ ಬಾಗಿಲಿಗೆ ಅದೇ ಬಣ್ಣದ ರೆಕ್ಸಿನ್ ಹಾಕುವ ಪದ್ಧತಿ ಎಷ್ಟೋ ಕಾರುಗಳಲ್ಲಿ ಮೂಲದಲ್ಲೇ ಇತ್ತು, ಅದರಲ್ಲಿ ನಾಚಿಕೆ ಏನಿಲ್ಲ.

ಬಟ್ಟೆ ಬೇಕು ಅನ್ನುವವರು ಮಧ್ಯದ ಭಾಗಕ್ಕೆ ಮಾತ್ರ ಹಾಕಿ. ಮೇಲೆ ಮೊಣಕೈ ತಾಗುವ ಕಡೆ, ಕೆಳಗೆ ಚಪ್ಪಲಿ ಒರೆಸುವ ಕಡೆ ಅದು ನಿಲ್ಲುವುದಿಲ್ಲ. ಕೆಳಗಿನ ಒಂದು ಗೇಣು ಕಾರ್ಪೆಟ್ ಹಾಕಿದರೆ ಒದೆತ ತಿಂದರೂ ಗೊತ್ತಾಗದು.

ಅಂಟು, ಇದನ್ನು ಅಗ್ಗ ಮಾಡಬೇಡಿ

ಮುಚ್ಚಿದ ಕಾರು ಬಿಸಿಲಿಗೆ ನಿಂತರೆ ಒಳಗಿನ ಕಪ್ಪು ಮೇಲ್ಮೈ 70 ಡಿಗ್ರಿ ದಾಟಬಹುದು. ಮಾಮೂಲಿ ಸ್ಪ್ರೇ ಅಂಟು, ಮರಗೆಲಸದ ಸಾದಾ ಕಾಂಟ್ಯಾಕ್ಟ್ ಅಂಟು (ಎರಡೂ ಮುಖಕ್ಕೆ ಹಚ್ಚಿ, ಆರಿದ ಮೇಲೆ ಒತ್ತುವಂಥದ್ದು) ಅಷ್ಟರಲ್ಲಿ ಮೆತ್ತಗಾಗುತ್ತವೆ. ಅದಕ್ಕಿಂತ ಒಳಗಿನ ಶತ್ರು ಇನ್ನೊಂದಿದೆ. ರೆಕ್ಸಿನ್ ಮೃದುವಾಗಿರಲಿ ಅಂತ ಅದರಲ್ಲಿ ಪ್ಲಾಸ್ಟಿಸೈಜರ್ ಅನ್ನುವ ಎಣ್ಣೆಯಂಥ ವಸ್ತು ಸೇರಿಸಿರುತ್ತಾರೆ. ಅದು ನಿಧಾನವಾಗಿ ರೆಕ್ಸಿನ್‌ನಿಂದ ಹೊರಬಂದು ಅಂಟಿನೊಳಗೆ ಇಳಿಯುತ್ತದೆ, ಅಂಟು ಬೆಲ್ಲದ ಪಾಕದ ಥರ ಆಗುತ್ತದೆ. ಮೊದಲ ತಿಂಗಳು ಎಲ್ಲ ಚೆನ್ನ, ಮುಂದಿನ ಬೇಸಿಗೆಗೆ ಗುಳ್ಳೆ. ಹಾಗಾಗಿ ಡಬ್ಬದ ಮೇಲೆ ಎರಡು ವಿಷಯ ಬರೆದಿದೆಯಾ ನೋಡಿ: ಹೆಚ್ಚು ಶಾಖ ತಡೆಯುತ್ತದೆ, ವಿನೈಲ್‌ಗೆ (ಅಂದರೆ ನಮ್ಮ ರೆಕ್ಸಿನ್‌ಗೆ) ಆಗುತ್ತದೆ. ಕಾರಿನ ಮೇಲ್ಛಾವಣಿಗೆ ವಿನೈಲ್ ಅಂಟಿಸುವವರು ಬಳಸುವ ಬಗೆ ಇದು.

ಸ್ಪ್ರೇ ಕ್ಯಾನ್, ಬ್ರಷ್, ಗನ್ ಈ ಮೂರರಲ್ಲಿ ಮನೆ ಕೆಲಸಕ್ಕೆ ಬ್ರಷ್ ಸಾಕು, ಆದರೆ ಗೆರೆ ಬೀಳದ ಹಾಗೆ ತೆಳುವಾಗಿ ಎಳೆಯಿರಿ, ಇಲ್ಲದಿದ್ದರೆ ತೆಳು ರೆಕ್ಸಿನ್ ಮೇಲೆ ಅದೂ ಕಾಣುತ್ತದೆ. ಎರಡೂ ಮುಖಕ್ಕೆ ಹಚ್ಚಬೇಕು. ಸ್ಪಂಜು ಮೊದಲ ಕೋಟ್ ಕುಡಿದುಬಿಡುತ್ತದೆ, ಅದಕ್ಕೆ ಎರಡನೆಯದು ಬೇಕು. ಬೆರಳಿನ ಹಿಂಬದಿ ತಾಗಿಸಿದಾಗ ಅಂಟಂಟು ಅನಿಸಬೇಕು, ಆದರೆ ಎಳೆ ಬರಬಾರದು. ಎಳೆ ಬಂದರೆ ಇನ್ನೂ ಹಸಿ, ದ್ರಾವಕ ಒಳಗೇ ಸಿಕ್ಕಿ ಗುಳ್ಳೆಯಾಗುತ್ತದೆ. ಮಧ್ಯದಿಂದ ಶುರು ಮಾಡಿ ಅಂಗೈಯಿಂದ ಹೊರಕ್ಕೆ ಒತ್ತುತ್ತಾ ಹೋಗಿ. ಈ ಅಂಟಿನ ಹಬೆ ಬೆಂಕಿ ಹತ್ತುವಂಥದ್ದು, ತಲೆ ಸುತ್ತಿಸುವಂಥದ್ದು. ಬಾಗಿಲು ಕಿಟಕಿ ತೆಗೆದಿಡಿ, ದ್ರಾವಕದ ಹಬೆಗೆ ಆಗುವ ಕಾರ್ಟ್ರಿಜ್ ಮಾಸ್ಕ್ ಹಾಕಿ, ಹತ್ತಿರ ಗ್ಯಾಸ್ ಒಲೆ, ಹೀಟರ್ ಯಾವುದೂ ಉರಿಯಬಾರದು.

ಅಂಚು ಮಡಚುವಾಗ ಒಳಬಾಗಿದ ಕಡೆ ಸೀಳು ಬೇಕು, ಹೊರಬಾಗಿದ ಕಡೆ ತ್ರಿಕೋನ ಚೂರು ಕತ್ತರಿಸಿ ತೆಗೆಯಬೇಕು. ಸೀಳು ಹಲಗೆಯ ಅಂಚಿಗೆ 2 ಮಿ.ಮೀ. ಇರುವಾಗಲೇ ನಿಲ್ಲಲಿ. ಪ್ಲೈ ಅಥವಾ ಹಾರ್ಡ್‌ಬೋರ್ಡ್‌ಗೆ ಸ್ಟೇಪಲ್ ಹೊಡೆಯುವುದಾದರೆ ಕಾಲಿನ ಉದ್ದ 4 ಮಿ.ಮೀ. ಮೀರಬಾರದು, ಅದನ್ನೂ ಒಂದು ಬೇಡದ ಚೂರಿನ ಮೇಲೆ ಹೊಡೆದು ನೋಡಿ, ಮುಂದಿನ ಮುಖದಲ್ಲಿ ಮೊನೆ ಇಣುಕುತ್ತಿದೆಯಾ ಅಂತ.

ಹೊಲಿಯಬೇಕಾ, ಹೊಲಿಯದೇ ಆಗುತ್ತಾ?

ಆಗುತ್ತದೆ. ದೊಡ್ಡ ಹಲಗೆಯನ್ನು ಒಂದು ಬಣ್ಣದಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಬಣ್ಣ ಸುತ್ತಿದ ಚಿಕ್ಕ ಹಲಗೆಯನ್ನು ಹಿಂದಿನಿಂದ ಸ್ಕ್ರೂ ಹಾಕಿ ಕೂರಿಸಿದರೆ ಎರಡರ ನಡುವೆ ಚೊಕ್ಕ ಗೆರೆ ಬರುತ್ತದೆ, ಮಿಷನ್ ಮುಟ್ಟಬೇಕಿಲ್ಲ. ಬೆಲೆ ಕೊಡುವುದು ದಪ್ಪದಲ್ಲಿ. ಹಿಡಿ ಬರುವ ಜಾಗಕ್ಕೆ ಆ ಎರಡನೇ ಹಲಗೆ ಬಂದರೆ ಮೇಲೆ ಹೇಳಿದ ಹಲ್ಲಿನ ಕತೆ ಮತ್ತೆ ಶುರು. ದಂಡದಿಂದ ದೂರ ಇಟ್ಟು ವಿನ್ಯಾಸ ಮಾಡಿ.

ಹೊಲಿಯುವವರಿಗೆ ಮನೆಯ ಮಿಷನ್ ಎರಡು ಪದರ ರೆಕ್ಸಿನ್, ತೆಳು ಫೋಮ್ ತನಕ ಸಾಮಾನ್ಯವಾಗಿ ಎಳೆಯುತ್ತದೆ. ಮಡಚಿದ ಜಾಗದಲ್ಲಿ ನಾಲ್ಕು ಪದರ ಬಂದಾಗ ಒದ್ದಾಡುತ್ತದೆ, ಅಲ್ಲಿ ಮೋಟಾರ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸೂಜಿ 16 ಅಥವಾ 18 ನಂಬರ್, ದಾರ ಪಾಲಿಯೆಸ್ಟರ್. ನೈಲಾನ್ ಗಟ್ಟಿ, ಆದರೆ ಬಿಸಿಲಿಗೆ ಪಾಲಿಯೆಸ್ಟರಿನಷ್ಟು ತಾಳುವುದಿಲ್ಲ, ಹತ್ತಿ ದಾರ ಬೇಡವೇ ಬೇಡ. ಹೊಲಿಗೆ ಉದ್ದ 4 ಮಿ.ಮೀ. ಇರಲಿ. ಹತ್ತಿರ ಹತ್ತಿರ ಹೊಲಿದರೆ ಅಂಚೆ ಚೀಟಿಯ ತೂತಿನಂತೆ ಅಲ್ಲೇ ಹರಿಯುತ್ತದೆ. ರೆಕ್ಸಿನ್ ಮಿಷನ್ನಿನ ಒತ್ತುವ ಪಾದಕ್ಕೆ ಅಂಟಿಕೊಂಡು ಮುಂದೆ ಹೋಗದಿದ್ದರೆ ಟೆಫ್ಲಾನ್ ಪಾದ ಹಾಕಿ. ಮೇಲಿನ ಪಾದವೂ ನಡೆಯುವ ವಾಕಿಂಗ್ ಫುಟ್ ಮಿಷನ್ ಸಿಕ್ಕರೆ ಎರಡು ಪದರ ಒಟ್ಟಿಗೆ ಸರಿಯುತ್ತವೆ, ನೆರಿಗೆ ಸಾಲು ಸೊಟ್ಟ ಬೀಳುವುದಿಲ್ಲ. ಇದೊಂದಕ್ಕೆ ಮಾತ್ರ, ತುಂಬಾ ನೆರಿಗೆ ಇರುವ ವಿನ್ಯಾಸವಾದರೆ, ಮಧ್ಯದ ತುಂಡನ್ನು ಹೊಲಿಯುವವರಿಗೆ ಕೊಟ್ಟು ಉಳಿದದ್ದನ್ನು ನೀವು ಮಾಡಿಕೊಳ್ಳುವುದು ಜಾಣತನ. ನೆರಿಗೆ ಹೊಲಿದಂತೆ ಬಟ್ಟೆ ಕುಗ್ಗುತ್ತದೆ, ಹೊಲಿದು ಮುಗಿದ ಮೇಲೇ ಅಳತೆಗೆ ಕತ್ತರಿಸಿ.

ಫೈಬರ್‌ಗ್ಲಾಸ್‌ನಲ್ಲಿ ಉಬ್ಬುತಗ್ಗಿನ ಪ್ಯಾನೆಲ್ ಮಾಡುವವರೂ ಇದ್ದಾರೆ. ಚೌಕಟ್ಟಿನ ಮೇಲೆ ಬಟ್ಟೆ ಬಿಗಿದು ರಾಳ ಹಚ್ಚಿ, ಉಜ್ಜಿ, ಪುಟ್ಟಿ ಹಾಕಿ, ಮತ್ತೆ ಉಜ್ಜಿ. ಸ್ಪೀಕರ್ ಗೂಡಿಗೆ ಸರಿ. ಇಡೀ ಬಾಗಿಲಿಗೆ, ಅದೂ ಚಪ್ಪಟೆ ಬಾಗಿಲಿನ ಹಳೇ ಕಾರಿಗೆ, ಕೆಲಸ ಜಾಸ್ತಿ, ನೋಟಕ್ಕೂ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಾಗಿಲಿಗೆ ಕೂರಿಸುವುದು

ಮೂಲದ ಸ್ಪ್ರಿಂಗ್ ಕ್ಲಿಪ್ಪೇ ಉತ್ತಮ. ಮುಂದೆ ಏನೂ ಕಾಣದು, ತಗಡಿನಲ್ಲಿ ತೂತು ಆಗಲೇ ಇದೆ. ಪ್ಲಾಸ್ಟಿಕ್ ಕ್ಲಿಪ್ ಕೊಳ್ಳುವಾಗ ತಗಡಿನ ತೂತಿನ ಅಳತೆ ತಗೊಂಡು ಹೋಗಿ, ಕಾರಿನ ಹೆಸರು ಹೇಳಿ ಕೇಳಿದರೆ ಹತ್ತಿರ ಹತ್ತಿರದ್ದು ಕೊಡುತ್ತಾರೆ, ಅದು ಅಲುಗಾಡುತ್ತದೆ. ಬಟ್ಟಲಿನಂಥ ವಾಷರ್ ಹಾಕಿ ಸ್ಕ್ರೂ ಬಿಗಿಯುವುದು ಮುಂದೆ ಕಾಣುತ್ತದೆ, ಆದರೆ ಗಾಜಿನ ಯಂತ್ರ ಕೈಕೊಡುವ ಕಾರಿಗೆ, ಪದೇಪದೇ ಬಿಚ್ಚುವವರಿಗೆ ಅದೇ ವಾಸಿ, ಹಲಗೆ ಮುರಿಯುವ ಭಯ ಇಲ್ಲ. ವೆಲ್ಕ್ರೋ ಪಟ್ಟಿ ಸುಲಭ ಅನಿಸುತ್ತದೆ. ಬಾಗಿಲು ಎಳೆದು ಹಾಕುವ ಪಟ್ಟಿ ಪ್ಯಾನೆಲ್‌ಗೇ ಇದ್ದರೆ ವೆಲ್ಕ್ರೋ ಹಿಂದಿನ ಅಂಟು ಬಿಸಿಲಿಗೆ ಬಿಟ್ಟು ಪ್ಯಾನೆಲ್ಲೇ ಕೈಗೆ ಬರುತ್ತದೆ. ಯಾವುದೇ ಬಗೆಯಲ್ಲಿ ಕೂರಿಸಿದರೂ ಆ ಎಳೆಯುವ ಪಟ್ಟಿ, ಆರ್ಮ್‌ರೆಸ್ಟ್ ಎರಡರ ಸ್ಕ್ರೂ ಹಲಗೆಯನ್ನು ದಾಟಿ ತಗಡನ್ನೇ ಹಿಡಿದಿರಬೇಕು.

ಎಲ್ಲ ಕ್ಲಿಪ್ ಒತ್ತುವ ಮೊದಲು ಮೂಲೆಯ ನಾಲ್ಕು ಮಾತ್ರ ಒತ್ತಿ, ಹಿಡಿ ಹಾಕಿ ಗಾಜನ್ನು ಪೂರ್ತಿ ಇಳಿಸಿ ಏರಿಸಿ, ಬಾಗಿಲನ್ನು ನಿಧಾನವಾಗಿ ಹಾಕಿ ತೆಗೆಯಿರಿ. ಎಲ್ಲೂ ತಾಗದಿದ್ದರೆ ಉಳಿದವನ್ನು ಒತ್ತಿ. ಕ್ಲಿಪ್ ಪಕ್ಕದಲ್ಲಿ ಅಲ್ಲ, ಅದರ ನೇರಕ್ಕೇ ಅಂಗೈ ಇಟ್ಟು ಗುದ್ದಿ.